ಕೊನೆಗಾರನ ಮೂವತ್ತು ಪರ್ಸೆಂಟ್: ತಲೆಗೆ ಪೆಟ್ಟಾದವನೊಬ್ಬನ ಕುಟುಂಬಕ್ಕೆ ಹಣದ ನೆರವು ಸಿಕ್ಕಿದ ಬಗೆ

ಈ ಪ್ರಕರಣದಲ್ಲಿ ಬರುವ ವ್ಯಕ್ತಿ ತೀರ್ಥಹಳ್ಳಿ ತಾಲ್ಲೂಕಿನವನು. ಅಪಘಾತವಾದಾಗ ಆತನಿಗೆ 36 ವರ್ಷ. ಹೆಸರನ್ನೂ ಊರನ್ನೂ ಬಿಟ್ಟು ಕೊನೆಗಾರ ಎಂದೇ ಬರೆಯುತ್ತೇನೆ, ಏಕೆಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಆ ಉದ್ಯೋಗವೇ ಮುಂದೆ ಲಕ್ಷಾಂತರ ರೂಪಾಯಿಯ ಪ್ರಶ್ನೆಯಾಯಿತು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಬಿಪಿಎಲ್ ಕಾರ್ಡು, ಹದಿನೆಂಟು ಗುಂಟೆ ಜಾಗ. ನಾನು ಅದೇ ಭಾಗದ ಗ್ರಾಮ ಪಂಚಾಯಿತಿಯೊಂದರಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಪಂಚಾಯಿತಿಯಲ್ಲಿ ಎಲ್ಲರೂ ವಿಆರ್‌ಡಬ್ಲ್ಯು ಅನ್ನುತ್ತಾರೆ. ಈ ಕೆಲಸಕ್ಕೆ ಅಂಗವಿಕಲರನ್ನೇ ಆರಿಸುವುದು ಪದ್ಧತಿ. ನನ್ನದು ಪೋಲಿಯೋದ ಕಾಲು. ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದಕ್ಕೆ ಕಾರಣವಿದೆ: ಅಂಗವೈಕಲ್ಯವೆಂದರೆ ಮೊದಲು ಕಾಲನ್ನೂ ಆಮೇಲೆ ಕೈಯನ್ನೂ ನೋಡುವ ನನ್ನ ಅಭ್ಯಾಸದಿಂದ ಈ ಕುಟುಂಬಕ್ಕೆ ಸುಮಾರು ಏಳು ತಿಂಗಳು ನಷ್ಟವಾಗಿದೆ.

2022ರ ಡಿಸೆಂಬರ್ ಎರಡನೇ ವಾರ, ಕೊಯ್ಲು ಬಿರುಸಾಗಿದ್ದ ಹೊತ್ತು. ಕತ್ತಲಾದ ಮೇಲೆ ಕೆಲಸ ಮುಗಿಸಿ ಜೊತೆಗಾರನ ಬೈಕಿನ ಹಿಂದೆ ಕೂತು ಬರುತ್ತಿದ್ದಾಗ, ಶಿವಮೊಗ್ಗ ಮತ್ತು ತೀರ್ಥಹಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 169ರ ತಿರುವೊಂದರಲ್ಲಿ, ಹಸಿ ಅಡಿಕೆ ತುಂಬಿಕೊಂಡು ಎದುರಿನಿಂದ ಬಂದ ಪಿಕಪ್ ಗಾಡಿ ತನ್ನ ಬದಿ ಬಿಟ್ಟು ಬಂದು ಬೈಕಿಗೆ ತಾಗಿತು. ಬೈಕು ಓಡಿಸುತ್ತಿದ್ದವನ ಕಾಲಿನ ಮೂಳೆ ಮುರಿಯಿತು. ಹಿಂದಿದ್ದ ಕೊನೆಗಾರನ ತಲೆ ಚರಂಡಿಯ ಕಲ್ಲಿಗೆ ಬಡಿಯಿತು. ಆತನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ.

ತೀರ್ಥಹಳ್ಳಿಯಲ್ಲಿ ಪ್ರಥಮ ಚಿಕಿತ್ಸೆಯಾಗಿ, ಆಂಬ್ಯುಲೆನ್ಸಿನಲ್ಲಿ ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಧ್ಯರಾತ್ರಿಯಾಗಿತ್ತು. ದಾಖಲಾದಾಗ ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ ಆತನ ಅಂಕ 7. ಹದಿನೈದು ಇದ್ದರೆ ಪೂರ್ತಿ ಎಚ್ಚರ. ಎಂಟು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೆದುಳಿಗೆ ತೀವ್ರ ಪೆಟ್ಟು ಎಂದು ಲೆಕ್ಕ. ಹಣೆಯ ಹಿಂದಿನ ಭಾಗದಲ್ಲೂ ಬಲಗಿವಿಯ ಮೇಲಿನ ಭಾಗದಲ್ಲೂ ಮೆದುಳು ಜಜ್ಜಿತ್ತು, ರಕ್ತ ಹೆಪ್ಪುಗಟ್ಟಿತ್ತು. ಮರುದಿನ ಬೆಳಿಗ್ಗೆ ಬುರುಡೆ ತೆರೆದು ಶಸ್ತ್ರಚಿಕಿತ್ಸೆ ಮಾಡಿದರು. ಒಟ್ಟು 23 ದಿನ ಆಸ್ಪತ್ರೆಯಲ್ಲಿದ್ದ.

ಹಣದ ಮೊದಲ ತೊಡಕು ಆ ರಾತ್ರಿಯೇ ಎದುರಾಯಿತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಇಂಥ ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆಯೂ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ಆದರೆ ರೇಷನ್ ಕಾರ್ಡು ಊರಿನ ಮನೆಯ ಟ್ರಂಕಿನಲ್ಲಿತ್ತು. ಕಾರ್ಡು ಕಾಣದೆ ಆ ಖಾಸಗಿ ಆಸ್ಪತ್ರೆಯ ಕೌಂಟರಿನವರು 40,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಹೆಂಡತಿ ಓಲೆ ಅಡವಿಟ್ಟಳು, ಉಳಿದದ್ದನ್ನು ಸ್ವಸಹಾಯ ಸಂಘದವರು ರಾತ್ರಿಯಲ್ಲೇ ಹೊಂದಿಸಿ ಕಳಿಸಿದರು. ಮಾರನೆಯ ದಿನ ಕಾರ್ಡು ಬಂದು, ಶಸ್ತ್ರಚಿಕಿತ್ಸೆಯೂ ತೀವ್ರ ನಿಗಾ ಘಟಕದ ವೆಚ್ಚವೂ ಯೋಜನೆಗೆ ಸೇರಿಕೊಂಡವು. ಮುಂಗಡ ಮಾತ್ರ ಕೂಡಲೇ ವಾಪಸಾಗಲಿಲ್ಲ. ಯೋಜನೆಯ ಪರವಾಗಿ ಆಸ್ಪತ್ರೆಯಲ್ಲೇ ಕೂರುವ ಆರೋಗ್ಯಮಿತ್ರರಿಗೆ ಲಿಖಿತ ದೂರು ಕೊಟ್ಟು, ಸಹಾಯವಾಣಿ 104ಕ್ಕೂ ಕರೆ ಮಾಡಿದ ಮೇಲೆ, ಎರಡು ತಿಂಗಳಿಗೆ 25,000 ಬಂತು. ಉಳಿದದ್ದಕ್ಕೆ ಯೋಜನೆಯಿಂದ ಹೊರಗಿನ ಔಷಧಿ ಎಂಬ ಬಿಲ್ಲು ಕೊಟ್ಟರು. ರೇಷನ್ ಕಾರ್ಡಿನ ಮತ್ತು ಆಧಾರಿನ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ ಎಂದು ಗ್ರಾಮಸಭೆಯಲ್ಲಿ ನಾನು ಈಗ ಪ್ರತಿ ಸಲವೂ ಹೇಳುವುದು ಈ ಮನೆಯಿಂದ ಕಲಿತದ್ದು.

ಬಿಡುಗಡೆಯಾದ ಮೇಲಿನ 15 ದಿನದ ಔಷಧಿ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಹದಿನಾರನೆಯ ದಿನದಿಂದ ಖರ್ಚು ಮನೆಯದು. ಫಿಟ್ಸ್ ತಡೆಯುವ ಮಾತ್ರೆ, ಫಿಸಿಯೋಥೆರಪಿ, ಡಯಾಪರು, ಶಿವಮೊಗ್ಗಕ್ಕೆ ಹೋಗಿಬರುವ ಬಾಡಿಗೆ, ಹೋದ ದಿನ ಹೆಂಡತಿಗೆ ತಪ್ಪುವ ಕೂಲಿ. ಆಸ್ಪತ್ರೆಯಲ್ಲಿದ್ದಾಗ ನೆಂಟರಿಷ್ಟರು, ತೋಟದ ಯಜಮಾನರು ಎಲ್ಲರೂ ಕೈಲಾದಷ್ಟು ಕೊಟ್ಟಿದ್ದರು. ಮನೆಗೆ ಬಂದ ಮೇಲೆ ಕೊಡುವವರು ಕಡಿಮೆಯಾದರು; ಮನುಷ್ಯ ಎದ್ದು ಓಡಾಡುತ್ತಿದ್ದಾನೆ ಎಂದ ಮೇಲೆ ಇನ್ನೇನು ಕೊಡುವುದು ಎಂದು ಯಾರಿಗಾದರೂ ಅನ್ನಿಸುತ್ತದೆ.

ನಾನು ಅವರ ಮನೆಗೆ ಮೊದಲ ಸಲ ಹೋದದ್ದು 2023ರ ಏಪ್ರಿಲ್‌ನಲ್ಲಿ. ಕೊನೆಗಾರ ಜಗುಲಿಯಲ್ಲಿ ಕೂತು ತಳೆ ಹೆಣೆಯುತ್ತಿದ್ದ. ಮರ ಹತ್ತುವಾಗ ಎರಡೂ ಪಾದಗಳಿಗೆ ಸಿಕ್ಕಿಸಿಕೊಳ್ಳುವ ಆ ಬಳೆಯನ್ನು ಹೆಣೆಯುವ ಕೆಲಸ ಬೆರಳುಗಳಿಗೆ ಮರೆತಿರಲಿಲ್ಲ, ಎಡಗೈ ಹಿಡಿತ ಸ್ವಲ್ಪ ಸಡಿಲವಾಗಿತ್ತು ಅಷ್ಟೆ. ನಮಸ್ಕಾರ ಹೇಳಿದ, ಕಾಫಿ ಕುಡೀರಿ ಎಂದ. ನನಗೆ ನೆಮ್ಮದಿಯಾಯಿತು. ಆಮೇಲೆ, ನಾನು ಅಲ್ಲಿದ್ದ ಅರ್ಧ ಗಂಟೆಯಲ್ಲಿ, ಕಾಫಿ ಕುಡೀರಿ ಎಂದು ಐದು ಸಲ ಹೇಳಿದ. ಐದು ಸಲವೂ ಮೊದಲ ಸಲ ಹೇಳಿದಂತೆಯೇ. ಮೂಲೆಯಲ್ಲಿ ಹೆಣೆದಿಟ್ಟ ತಳೆಗಳ ರಾಶಿಯೇ ಇತ್ತು. ಒಂದನ್ನು ಮುಗಿಸಿದ್ದು ನೆನಪಿರದೆ ಇನ್ನೊಂದನ್ನು ಶುರು ಮಾಡುತ್ತಾನೆ ಎಂದು ಹೆಂಡತಿ ಹೇಳಿದಳು. ಮಗ ಪುಸ್ತಕ ಕೆಳಗೆ ಬೀಳಿಸಿದ ಸದ್ದಿಗೆ ಆತ ಸಿಡಿದೆದ್ದ ರೀತಿ ನೋಡಿ ನಾನು ಕೋಲು ಹಿಡಿದು ಎದ್ದು ನಿಂತೆ. "ಮೊದ್ಲು ಸಿಟ್ಟು ಬಂದ್ರೆ ಎದ್ದು ತೋಟದ ಕಡೆ ಹೋಗ್ತಿದ್ರು ಅಕ್ಕ. ಈಗ ಎದ್ದು ಹೋಗ್ಬೇಕು ಅನ್ನೋದೇ ಅವರಿಗೆ ತಿಳಿಯಲ್ಲ" ಎಂದಳು ಆಕೆ. ಹಣೆಯ ಹಿಂದಿನ ಮೆದುಳಿನ ಕೆಲಸವೇ ಅದು: ಯಾವುದನ್ನು ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು, ಸಿಟ್ಟನ್ನು ಎಲ್ಲಿ ತಡೆಯಬೇಕು. ಈ ವಿಷಯ ಆ ದಿನ ನನಗೆ ತಿಳಿದಿರಲಿಲ್ಲ.

ಪರಿಹಾರದ ಅರ್ಜಿ

ಆ ವೇಳೆಗೆ ಅಪಘಾತವಾಗಿ ನಾಲ್ಕು ತಿಂಗಳು ಕಳೆದಿತ್ತು. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಆಗಿತ್ತು, ಗಾಯದ ಪ್ರಮಾಣಪತ್ರವಿತ್ತು, ಪಿಕಪ್ಪಿಗೆ ವಿಮೆಯೂ ಇತ್ತು. ಆದರೆ ಅಪಘಾತದ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಅರ್ಜಿ ಹಾಕಿರಲಿಲ್ಲ. ಪೂರ್ತಿ ಗುಣವಾದ ಮೇಲೆ ಹಾಕಿದರಾಯಿತು ಎಂದು ಯಾರೋ ಹೇಳಿದ್ದರಂತೆ. ಹಿಂದಿನ ಕಾಲಕ್ಕೆ ಆ ಮಾತು ಸರಿಯೇ. ಬಹಳ ವರ್ಷ ಅದಕ್ಕೆ ಗಡುವೇ ಇರಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, 166ನೆಯ ಕಲಮಿನ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕೆಂದಾಯಿತು. ಮೆದುಳಿಗೆ ಪೆಟ್ಟಾದವರ ಮಟ್ಟಿಗೆ ಇದು ಕಠಿಣ ನಿಯಮವೆಂದು ನನ್ನ ಅನಿಸಿಕೆ, ಏಕೆಂದರೆ ಮೊದಲ ಆರು ತಿಂಗಳಲ್ಲಿ ಮನೆಯವರು ಚೇತರಿಕೆಯನ್ನೇ ಕಾಯುತ್ತಿರುತ್ತಾರೆ, ಏನು ಹೋಯಿತು ಏನು ಉಳಿಯಿತು ಎಂಬುದು ಯಾರಿಗೂ ಸ್ಪಷ್ಟವಾಗಿರುವುದಿಲ್ಲ.

ಇನ್ನೊಂದು ಸಲಹೆಯೂ ಅವರ ಮನೆ ಬಾಗಿಲಿಗೆ ಬಂದಿತ್ತು. ತಪ್ಪು ಯಾರದೆಂದು ಸಾಬೀತು ಮಾಡುವ ಗೋಜಿಲ್ಲದೆ, 164ನೆಯ ಕಲಮಿನಂತೆ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಸಿಗುತ್ತದೆ, ಸುಮ್ಮನೆ ಅದನ್ನು ತೆಗೆದುಕೊಳ್ಳಿ ಎಂದು ಪರಿಚಿತರೊಬ್ಬರು ಒತ್ತಾಯ ಮಾಡುತ್ತಿದ್ದರು. ಸಂಘದ ಸಾಲದ ಕಂತು ತಲೆಯ ಮೇಲಿದ್ದಾಗ ಎರಡೂವರೆ ಲಕ್ಷ ಸಣ್ಣ ಮೊತ್ತವಲ್ಲ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ ನ್ಯಾಯಮಂಡಳಿಯ ಮುಂದಿನ ಅರ್ಜಿ ಬಿದ್ದುಹೋಗುತ್ತದೆ ಎಂದು ಕಾಯ್ದೆಯಲ್ಲೇ ಬರೆದಿದೆ. ಮುಂಗಡದಂತೆ ಅದನ್ನು ಪಡೆದು ಉಳಿದದ್ದಕ್ಕೆ ಹೋರಾಡುವ ದಾರಿ ಈಗ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಈ ವಿವರ ತಿಳಿದ ದಿನವೇ ಆಕೆ ಬೇಡವೆಂದಳು. ಹೆಂಗಸರಿಗೂ ಅಂಗವಿಕಲರಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಹಕ್ಕಿದೆ, ವಕೀಲರೊಬ್ಬರನ್ನು ಸಮಿತಿಯೇ ಕೊಟ್ಟಿತು. ಅಪಘಾತ ಎಲ್ಲೇ ಆಗಿರಲಿ, ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಗಂಡನಿಗೆ ತನ್ನ ವ್ಯವಹಾರ ತಾನು ನೋಡಿಕೊಳ್ಳಲು ಆಗದ ಕಾರಣ ಆತನ ಪರವಾಗಿ ಹೆಂಡತಿಯೇ 2023ರ ಮೇ ಕೊನೆಯಲ್ಲಿ ಸಹಿ ಹಾಕಿದಳು. ಗಡುವಿಗೆ ಇನ್ನು ಎರಡು ವಾರ ಉಳಿದಿತ್ತು.

ನನ್ನ ಕೈಯಿಂದಾದ ತಪ್ಪು

ಅದೇ ವರ್ಷ ಜೂನ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ತುಂಬಿದವಳು ನಾನು. ಅಂಗವೈಕಲ್ಯದ ಬಗೆ ಯಾವುದು ಎಂಬ ಕಡೆ ಚಲನವಲನ ವೈಕಲ್ಯ ಎಂದು ಗುರುತು ಹಾಕಿದೆ. ಎಡಗೈಯ ಬಲ ಕಡಿಮೆ, ಎಡಗಾಲು ಸ್ವಲ್ಪ ಎಳೆಯುತ್ತದೆ, ಇನ್ನೇನು ಎಂದುಕೊಂಡೆ. ಅರ್ಜಿಯಲ್ಲಿ ಇದ್ದದ್ದನ್ನು ವೈದ್ಯರು ಪರೀಕ್ಷಿಸಿದರು. ಕೈ ಹಿಡಿಸಿ ನೋಡಿದರು, ನಡೆಸಿ ನೋಡಿದರು, ಜುಲೈನಲ್ಲಿ 30 ಪರ್ಸೆಂಟ್ ಎಂದು ಪ್ರಮಾಣಪತ್ರ ಬಂತು. ಪಿಂಚಣಿಗೂ ಬಸ್ ಪಾಸಿಗೂ ಕನಿಷ್ಠ 40 ಬೇಕು. ಎಲ್ಲ ಬಾಗಿಲುಗಳೂ ಒಟ್ಟಿಗೆ ಮುಚ್ಚಿದವು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಪೆಟ್ಟಿನಿಂದಾದ ಮೆದುಳಿನ ಹಾನಿ ಎಂಬ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ಇಂಥವರ ನಷ್ಟವನ್ನು ಬಿಡಿಸಿ ಬಿಡಿಸಿ ಬೇರೆ ಬೇರೆ ಕಡೆ ಹಾಕಬೇಕಾಗುತ್ತದೆ: ಕೈಕಾಲಿನದು ಚಲನವಲನದಡಿ, ಮಾತು ಹೋಗಿದ್ದರೆ ವಾಕ್ ಮತ್ತು ಭಾಷಾ ವೈಕಲ್ಯದಡಿ. ನೆನಪು, ವಿವೇಚನೆ, ನಡವಳಿಕೆ ಕೆಟ್ಟಿದ್ದರೆ ಯಾವುದರಡಿ? ಬುದ್ಧಿಮಾಂದ್ಯತೆಯ ಕಡೆ ಸೇರುವುದಿಲ್ಲ, ಅದು ಬೆಳವಣಿಗೆಯ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. ಉಳಿದದ್ದು ಮಾನಸಿಕ ಅಸ್ವಸ್ಥತೆ. ಅದರ ವ್ಯಾಖ್ಯೆಯಲ್ಲಿ ಆಲೋಚನೆ, ಮನಸ್ಥಿತಿ, ಗ್ರಹಿಕೆ, ಸ್ಥಳಕಾಲದ ಅರಿವು ಇವುಗಳ ಜೊತೆಗೆ ನೆನಪು ಎಂಬ ಪದವೂ ಇದೆ. ಅದನ್ನು ಅಳೆಯುವವರು ಮನೋವೈದ್ಯರು, ಅಳೆಯುವ ಮಾಪಕ ಐಡಿಯಾಸ್: ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ ಮತ್ತು ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ವಿಭಾಗಗಳಿಗೂ ಕಾಯಿಲೆಯ ಅವಧಿಗೂ ಅಂಕ ಕೊಡುವುದು. ಗಂಡನನ್ನು ಹುಚ್ಚನೆಂದು ಬರೆಸಲು ಹೊರಟಿದ್ದೀರಾ ಎಂದು ಆಕೆಯ ಅತ್ತೆ ನನ್ನ ಮೇಲೆ ರೇಗಿದರು. ಅವರ ಸಿಟ್ಟು ತಪ್ಪೆನ್ನಲಾರೆ. ಪಟ್ಟಿ ಮಾಡಿದವರು ಒಂದು ಸಾಲು ಹೆಚ್ಚು ಬರೆದಿದ್ದರೆ ಆ ಮಾತೇ ಬರುತ್ತಿರಲಿಲ್ಲ.

ಎರಡನೆಯ ತಪ್ಪು ಆಗಸ್ಟಿನಲ್ಲಿ ಕಣ್ಣಿಗೆ ಬಿತ್ತು. ಕೊನೆಗಾರನ ಬ್ಯಾಂಕ್ ಪಾಸ್‌ಬುಕ್ಕನ್ನು ಬೇರೆ ಕಾರಣಕ್ಕೆ ತಿರುವುತ್ತಿದ್ದಾಗ, ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿರುವುದು ಕಂಡಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಆತ ಯಾವಾಗ ಸಹಿ ಹಾಕಿದ್ದನೋ, ಹೆಂಡತಿಗೆ ಗೊತ್ತಿರಲಿಲ್ಲ. ಅಪಘಾತವಾದ 30 ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕಿತ್ತು. ಆ ಅವಧಿ ಕಳೆದು ಏಳು ತಿಂಗಳಾಗಿತ್ತು. ತಿಳಿಸಿದ್ದರೂ ಹಣ ಬರುತ್ತಿತ್ತೆಂದು ಹೇಳಲಾರೆ, ಏಕೆಂದರೆ ಆ ವಿಮೆಯಲ್ಲಿ ಅಂಗವೈಕಲ್ಯವೆಂದರೆ ಕಣ್ಣು, ಕೈ, ಪಾದ ಇವು ಮರಳಿ ಬಾರದಂತೆ ಪೂರ್ತಿ ಕೆಲಸ ಕಳೆದುಕೊಂಡಿರಬೇಕು. ಎರಡು ಹೋದರೆ 2 ಲಕ್ಷ, ಒಂದು ಹೋದರೆ 1 ಲಕ್ಷ. ಕೊನೆಗಾರನ ಎಡಗೈ ಸಡಿಲವಾಗಿತ್ತು, ಪೂರ್ತಿ ಹೋಗಿರಲಿಲ್ಲ. ನೆನಪಿಗೆ ಅಲ್ಲಿ ಬೆಲೆಯೇ ಇಲ್ಲ. ಆದರೂ ಮೊದಲ ಭೇಟಿಯಲ್ಲೇ ಪಾಸ್‌ಬುಕ್ ಕೇಳುವುದನ್ನು ಅಂದಿನಿಂದ ತಪ್ಪಿಸಿಲ್ಲ.

ಗೋಡೆಯ ಕ್ಯಾಲೆಂಡರ್

ಅಡುಗೆಮನೆಯ ಬಾಗಿಲ ಪಕ್ಕ ಅಡಿಕೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿತ್ತು. ಹಾಲಿನ ಲೆಕ್ಕ ಬರೆಯುವಂತೆ ಆಕೆ ಅದರಲ್ಲಿ ಗುರುತು ಹಾಕುತ್ತ ಬಂದಿದ್ದಳು. ಫಿಟ್ಸ್ ಬಂದ ದಿನಕ್ಕೆ ಸುತ್ತು. ತಾನು ಅಡಿಕೆ ಸುಲಿಯಲು ಹೋಗಲಾಗದ ದಿನಕ್ಕೆ ಅಡ್ಡಗೀಟು. ಕೆಲವು ದಿನಗಳ ಮೇಲೆ ಚುಕ್ಕೆ ಇತ್ತು, ಅದೇನೆಂದು ಕೇಳಿದಾಗ ತಲೆ ತಗ್ಗಿಸಿದಳು. ಗಂಡ ಕೈ ಎತ್ತಿದ ದಿನಗಳು ಅವು. ಮಾತ್ರೆ ಮುಗಿಯುವ ದಿನ ತಿಳಿಯಲಿ ಎಂದು ಶುರು ಮಾಡಿದ್ದಂತೆ. ಜೂನ್‌ನಲ್ಲಿ ಒಂದು ಮೂಲೆಯಲ್ಲಿ "ಒಲೆ" ಎಂದು ಬರೆದಿತ್ತು: ನೀರು ಕಾಯಿಸಲು ಬೆಂಕಿ ಹಾಕಿದವನು ಮರೆತು ಎದ್ದು ಹೋಗಿ, ದರಗಿನ, ಅಂದರೆ ಒಣ ಎಲೆಯ, ರಾಶಿಗೆ ಹತ್ತಿಕೊಂಡ ದಿನ.

2023ರ ನವೆಂಬರ್‌ನಲ್ಲಿ ಅವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದಾಗ ಆ ಕ್ಯಾಲೆಂಡರಿನ ಹಾಳೆಗಳನ್ನೂ ಸುರುಳಿ ಸುತ್ತಿ ಒಯ್ದೆವು. ಅಲ್ಲಿ ಬಿಪಿಎಲ್ ಕಾರ್ಡಿಗೆ ರಿಯಾಯಿತಿ ಇತ್ತು, ಚಿಕಿತ್ಸೆಗಿಂತ ಹೋಗಿಬಂದು ಉಳಿದುಕೊಳ್ಳುವ ಖರ್ಚೇ ಹೆಚ್ಚಾಯಿತು. ನೆನಪು, ಗಮನ, ಯೋಜಿಸುವ ಶಕ್ತಿ ಇವುಗಳನ್ನು ಒಂದೊಂದಾಗಿ ಅಳೆಯುವ ನರಮನಶ್ಶಾಸ್ತ್ರದ ಪರೀಕ್ಷೆ ಎರಡು ಬೆಳಗು ನಡೆಯಿತು. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುವುದರಿಂದ ಇಂಥ ಪರೀಕ್ಷೆಯನ್ನು ತುಸು ತಡೆದು ಮಾಡುವುದೇ ಮೇಲು, ಹನ್ನೊಂದು ತಿಂಗಳ ನಂತರದ ಫಲಿತಾಂಶಕ್ಕೆ ತೂಕ ಹೆಚ್ಚು. ಪರೀಕ್ಷೆ ಮಾಡಿದವರು ಕ್ಯಾಲೆಂಡರಿನ ಹಾಳೆಗಳನ್ನು ನೆಲದ ಮೇಲೆ ಹರವಿಕೊಂಡು ತಿಂಗಳು ತಿಂಗಳಾಗಿ ಪ್ರಶ್ನೆ ಕೇಳಿದರು. ವರದಿಯಲ್ಲಿ ಅದನ್ನು ಉಲ್ಲೇಖಿಸಿದರು.

ಆ ವರದಿಯೊಂದಿಗೆ ಎರಡನೆಯ ಸಲ ಅರ್ಜಿ ಹಾಕಿದೆವು. 2024ರ ಫೆಬ್ರುವರಿಯಲ್ಲಿ ಮನೋವೈದ್ಯರು 50 ಪರ್ಸೆಂಟ್ ಎಂದರು. ಹಿಂದಿನ 30 ಇದ್ದೇ ಇತ್ತು. ಎರಡನ್ನೂ ಕೂಡಿ 80 ಆಗುವುದಿಲ್ಲ. ದೊಡ್ಡದನ್ನು ಹಾಗೇ ಇಟ್ಟುಕೊಂಡು, 90ರಲ್ಲಿ ಅದನ್ನು ಕಳೆದು ಉಳಿದದ್ದರಿಂದ ಚಿಕ್ಕದನ್ನು ಗುಣಿಸಿ 90ರಿಂದ ಭಾಗಿಸಿ ಸೇರಿಸಬೇಕು. ಐವತ್ತಕ್ಕೆ ಹದಿಮೂರು ಸೇರಿ 63 ಆಯಿತು. ಮನುಷ್ಯ ಅವನೇ, ಪೆಟ್ಟೂ ಅದೇ. ಬದಲಾದದ್ದು ಯಾವ ವೈದ್ಯರ ಕೋಣೆಗೆ ಕರೆದುಕೊಂಡು ಹೋದೆವು ಎಂಬುದು.

ಲೆಕ್ಕ

ನ್ಯಾಯಮಂಡಳಿಯಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ವಕೀಲರು ಒಂದು ಹಾಳೆಯ ಮೇಲೆ ತೋರಿಸಿದರು. ಆದಾಯಕ್ಕೆ ರಸೀದಿಯಿಲ್ಲದ ಕೂಲಿಯವರಿಗೆ ಅಂದಾಜು ಆದಾಯ ಹಿಡಿಯುತ್ತಾರೆ. ಈ ಪ್ರಕರಣದಲ್ಲಿ ತಿಂಗಳಿಗೆ 15,500 ರೂಪಾಯಿ. ನಲವತ್ತು ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಮುಂದೆ ಹೆಚ್ಚುತ್ತಿದ್ದ ಆದಾಯವೆಂದು ಶೇಕಡ 40 ಸೇರಿಸಬೇಕೆಂದು ಸುಪ್ರೀಂ ಕೋರ್ಟು 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಹೇಳಿದೆ, ಗಾಯಾಳುಗಳಿಗೂ ಅದು ಅನ್ವಯಿಸುತ್ತದೆಂದು 2020ರಲ್ಲಿ ಇನ್ನೊಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆಗ 21,700. ವರ್ಷಕ್ಕೆ 2,60,400. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ; ಮೂವತ್ತಾರರಿಂದ ನಲವತ್ತು ವಯಸ್ಸಿನವರಿಗೆ ಗುಣಕ 15 ಎಂಬುದು 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕ. ಒಟ್ಟು 39,06,000. ದುಡಿಯುವ ಶಕ್ತಿ ಶೇಕಡ 30ರಷ್ಟು ಮಾತ್ರ ಹೋಯಿತೆಂದರೆ ಇದರಲ್ಲಿ ಸಿಗುವುದು 11,71,800. ಶೇಕಡ 63 ಎಂದರೆ 24,60,780. ಪೂರ್ತಿ ಹೋಯಿತೆಂದರೆ 39,06,000.

ಹಾಗಾದರೆ ಯಾವುದು ಸರಿ? ಇಲ್ಲಿಯೇ ಕೊನೆಗಾರನ ಉದ್ಯೋಗ ಮುಖ್ಯವಾಗುವುದು. ದೇಹದ ವೈಕಲ್ಯ ಎಷ್ಟು ಪರ್ಸೆಂಟ್ ಎಂದು ಹೇಳುವವರು ವೈದ್ಯರು. ಅದರಿಂದ ಆ ವ್ಯಕ್ತಿಯ ಗಳಿಕೆ ಎಷ್ಟು ಹೋಯಿತೆಂದು ತೀರ್ಮಾನಿಸಬೇಕಾದದ್ದು ನ್ಯಾಯಮಂಡಳಿ. ಎರಡೂ ಒಂದೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಕೂತು ಲೆಕ್ಕ ಬರೆಯುವವನಿಗೆ ಎಡಗೈ ಹಿಡಿತ ಸಡಿಲವಾದರೆ ಸಂಬಳ ನಿಲ್ಲದು. ಐವತ್ತು ಅಡಿ ಎತ್ತರದಲ್ಲಿ ತಳೆಯ ಮೇಲೆ ನಿಂತು, ಒಂದು ಮರದಿಂದಲೇ ಪಕ್ಕದ ಮರವನ್ನು ಎಳೆದುಕೊಂಡು, ಕೊನೆಯನ್ನು ಹಗ್ಗದ ಮೇಲೆ ಕೆಳಗೆ ಜಾರಿಸುವವನಿಗೆ ಹಿಡಿತ ಸಡಿಲವೆಂದರೂ ಒಂದೇ, ಕೈಯೇ ಇಲ್ಲವೆಂದರೂ ಒಂದೇ. ಅದರ ಮೇಲೆ ಫಿಟ್ಸ್ ಬರುವವನನ್ನು ಯಾವ ಯಜಮಾನರೂ ಮರ ಹತ್ತಿಸಲಾರರು. ವಿಮಾ ಕಂಪನಿಯ ವಕೀಲರು ಕೊಯ್ಲು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಎಂದು ವಾದಿಸಿದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅದೇ ಮರಗಳನ್ನು ಅದೇ ಮನುಷ್ಯನೇ ಹತ್ತಬೇಕೆಂಬುದನ್ನು ಇಬ್ಬರು ತೋಟದ ಯಜಮಾನರು ತಮ್ಮ ಲೆಕ್ಕದ ಪುಸ್ತಕ ತಂದು ಸಾಕ್ಷಿ ಹೇಳಿದರು. ಹೆಲ್ಮೆಟ್ಟಿನ ವಿಷಯ ಬಂತು. ಕ್ಯಾಲೆಂಡರಿನ ವಿಷಯವೂ ಬಂತು: ಎಲ್ಲ ಗುರುತುಗಳೂ ಒಂದೇ ಪೆನ್ನಿನ ಶಾಯಿ, ಒಂದೇ ದಿನ ಕೂತು ಹಾಕಿದ್ದಲ್ಲವೇ ಎಂದು ಕೇಳಿದರು. ಮನೆಯಲ್ಲಿರುವುದು ಒಂದೇ ಪೆನ್ನು ಎಂದು ಆಕೆ ಹೇಳಿದಳು. ನಿಮ್ಹಾನ್ಸ್ ವರದಿಯಲ್ಲಿ ಅದೇ ಹಾಳೆಗಳ ಉಲ್ಲೇಖ ಇದ್ದದ್ದರಿಂದ ಆ ಪ್ರಶ್ನೆ ಅಲ್ಲಿಗೆ ನಿಂತಿತು.

ಕಂಪನಿ ಮೊದಲು ಒಂಬತ್ತೂವರೆ ಲಕ್ಷಕ್ಕೆ ರಾಜಿಗೆ ಬಂದಿತ್ತು, ಆಗ ನಮ್ಮ ಕೈಯಲ್ಲಿದ್ದದ್ದು 30 ಪರ್ಸೆಂಟಿನ ಕಾಗದ. 2025ರಲ್ಲಿ ಲೋಕ ಅದಾಲತ್‌ನಲ್ಲಿ, ನೋವು, ಆರೈಕೆ, ಕೈಯಿಂದ ಹಾಕಿದ ಔಷಧಿ ಖರ್ಚು ಎಲ್ಲವೂ ಸೇರಿ 30 ಲಕ್ಷಕ್ಕೆ ಮುಗಿಯಿತು. ಹೆಚ್ಚಿಗೆ ಸಿಗುತ್ತಿತ್ತೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಸಿಗುತ್ತಿತ್ತು ಎಂದೇ ನನ್ನ ಭಾವನೆ. ತೀವ್ರ ಮೆದುಳಿನ ಗಾಯವಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ, 2020ರ ಕಾಜಲ್ ತೀರ್ಪಿನಲ್ಲಿ, ನೋಡಿಕೊಳ್ಳುವವರ ವೆಚ್ಚವನ್ನೂ ತಿಂಗಳ ಲೆಕ್ಕ ಹಾಕಿ ಗುಣಕದಿಂದ ಗುಣಿಸಿಯೇ ಕೊಟ್ಟಿದ್ದಾರೆ, ನಮ್ಮಲ್ಲಿ ಅದು ಒಟ್ಟು ಮೊತ್ತದೊಳಗೆ ಕರಗಿಹೋಯಿತು. ಆದರೆ ಲೋಕ ಅದಾಲತ್ ತೀರ್ಮಾನದ ಮೇಲೆ ಅಪೀಲು ಇಲ್ಲ, ಕಂಪನಿಗೂ ಇಲ್ಲ. ಹೈಕೋರ್ಟಿನಲ್ಲಿ ಇನ್ನಷ್ಟು ವರ್ಷ ಕಾಯುವ ತ್ರಾಣ ಆ ಮನೆಗೆ ಇರಲಿಲ್ಲ, ಸಹಿ ಹಾಕುವಾಗ ಆಕೆ ಯಾರನ್ನೂ ಕೇಳಲೂ ಇಲ್ಲ.

ಚಿಲ್ಲರೆ ಮೊತ್ತಗಳು

ದೊಡ್ಡ ಮೊತ್ತ ಬರುವ ತನಕದ ಎರಡೂವರೆ ವರ್ಷ ಮನೆ ನಡೆದದ್ದು ಚಿಲ್ಲರೆಯಿಂದ. 63 ಪರ್ಸೆಂಟಿನ ಕಾರ್ಡು ಬಂದ ಮೇಲೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ತಿಂಗಳಿಗೆ 800 ರೂಪಾಯಿ ಪಿಂಚಣಿ ಆಯಿತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ಆಕೆಯ ಖಾತೆಗೆ ಬರತೊಡಗಿತ್ತು. ನಿಜ ಹೇಳಬೇಕೆಂದರೆ ಫಿಟ್ಸ್ ಮಾತ್ರೆ ತಪ್ಪದಂತೆ ನೋಡಿಕೊಂಡದ್ದು ಅಂಗವಿಕಲರ ಯಾವ ಯೋಜನೆಯೂ ಅಲ್ಲ, ಆ 2,000. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟ್ಟಿಲ್ಲ, ಗಂಡನಿಗೆ ಉಂಟು. ಅಂಗವಿಕಲರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ, ಶಿವಮೊಗ್ಗಕ್ಕೆ ಸಾಕು, ಬೆಂಗಳೂರಿಗೆ ಆಗದು. ಅವರ ಊರಿನ ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಅವುಗಳಲ್ಲಿ ಎರಡೂ ನಡೆಯುವುದಿಲ್ಲ.

ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್‌ನಲ್ಲಿ ಪ್ರಕಟವಾದಾಗ, ಆಕೆ ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿಸಿಕೊಂಡು ಮರುದಿನವೇ ಪಂಚಾಯಿತಿಗೆ ಬಂದಿದ್ದಳು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದು ನಾಲ್ಕು ಹೆಸರನ್ನು ಓದಿ ಹೇಳಿದೆ. "ತಲೆಗೆ ಪೆಟ್ಟಾದವ್ರು ಇಲ್ವಾ ಅಕ್ಕ?" ಎಂದಳು. ಇಲ್ಲ ಎಂದೆ. ಆಕೆ ಕೊಡೆ ಬಿಚ್ಚಿಕೊಂಡು ಹೊರಟಳು.

ಪರಿಹಾರದ 30 ಲಕ್ಷದಲ್ಲಿ 18 ಲಕ್ಷವನ್ನು ಕೊನೆಗಾರನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಐದು ವರ್ಷದ ಠೇವಣಿ ಇಡಲಾಗಿದೆ. ಬಡ್ಡಿಯನ್ನು ಹೆಂಡತಿ ತೆಗೆದುಕೊಳ್ಳಬಹುದು, ಅಸಲಿಗೆ ನ್ಯಾಯಮಂಡಳಿಯ ಅನುಮತಿ ಬೇಕು. ಉಳಿದದ್ದರಲ್ಲಿ ಸಂಘದ ಸಾಲವೂ ಓಲೆಯ ಅಡವೂ ತೀರಿದವು, ಎರಡು ಹಸು ಬಂದವು. ಕೂಲಿಗೆ ಹೋಗುವ ದಿನ ಗಂಡನನ್ನು ಒಂಟಿಯಾಗಿ ಬಿಡಲಾಗದ ಕಾರಣ ಆಕೆ ಈಗ ಸುಲಿಯುವ ಅಡಿಕೆಯನ್ನು ಮನೆಗೇ ತರಿಸಿಕೊಳ್ಳುತ್ತಾಳೆ. ಮೆಟ್ಟುಗತ್ತಿಯ ಮುಂದೆ ಆತನನ್ನೂ ಕೂರಿಸುತ್ತಾಳೆ, ಬೆಳಗಿನ ಹೊತ್ತು ಒಂದು ಗಂಟೆ ಚೆನ್ನಾಗಿ ಸುಲಿಯುತ್ತಾನೆ, ಡಬ್ಬ ತುಂಬಿದ್ದನ್ನು ಮಾತ್ರ ಆಕೆಯೇ ನೋಡಬೇಕು. 63 ಪರ್ಸೆಂಟಿನ ಪ್ರಮಾಣಪತ್ರ ತಾತ್ಕಾಲಿಕ, 2029ರ ಫೆಬ್ರುವರಿಗೆ ಮುಗಿಯುತ್ತದೆ. ಆಗ ಮತ್ತೆ ಪರೀಕ್ಷೆಯಾಗಬೇಕು, ಆದ್ದರಿಂದ ಕ್ಯಾಲೆಂಡರಿನ ಗುರುತು ನಿಂತಿಲ್ಲ. ಮನೆಯ ಹಿಂಬದಿಯ ಮಾಡು ಕುಸಿದಿದೆ. ಅದರ ರಿಪೇರಿಗೆ ಠೇವಣಿಯಿಂದ ಒಂದೂವರೆ ಲಕ್ಷ ಬಿಡಿಸಿಕೊಳ್ಳಲು ಹಾಕಿದ ಅರ್ಜಿ ಇನ್ನೂ ನ್ಯಾಯಮಂಡಳಿಯ ಮುಂದಿದೆ. ಹೆಂಚಿನವನು ಹಾಕಿಕೊಟ್ಟ ಅಂದಾಜು ಪಟ್ಟಿಗೆ ಪಂಚಾಯಿತಿಯ ಮೊಹರು ಬೇಕೆಂದು ಕಳೆದ ತಾರೀಕಿನಲ್ಲಿ ಹೇಳಿದ್ದರು, ಮೊಹರು ಹಾಕಿಸಿ ಕೊಟ್ಟಿದ್ದೇನೆ. ಮಳೆ ಹಿಡಿಯುವುದರೊಳಗೆ ಆದೇಶವಾಗಬೇಕು.